ಸೀಟಿನ ಕೆಳಗಿನ ಬ್ಯಾಟರಿ

ಲೋಣಾವಳಾದ ಟ್ರಯಲ್ ಮುಗಿಸಿ ಬೆಳಿಗ್ಗೆ ಭೋಸರಿಯ ಶೆಡ್ಡಿಗೆ ಮರಳಿದ, ಒಳಗೇ ಮಲಗುವ ಸೌಕರ್ಯದ ವ್ಯಾನಿನಲ್ಲಿ ಎಂಜಿನ್ ಮಾತ್ರ ಬದುಕಿತ್ತು. ಒಳಗಿನ ದೀಪ, ಫ್ಯಾನ್, ಪುಟ್ಟ ಫ್ರಿಜ್ ಎಲ್ಲವೂ ಸತ್ತಿದ್ದವು. ರಾತ್ರಿಯಿಡೀ ನಡೆಯಬೇಕಾದವು ಎರಡೇ ತಾಸಿಗೆ ನಿಂತಿದ್ದವು.

ಎಲೆಕ್ಟ್ರಿಶಿಯನ್ ಹೊಳಬಸಪ್ಪ ಹಿಂದಿನ ಸೀಟು ಎತ್ತಿದ. ಬಗ್ಗಿ ನೋಡಿದ.

“ಈ ಬ್ಯಾಟರಿ ನಾ ಕೂಡ್ರಿಸಿದ್ದಲ್ರಿ. ನಂದು ಎತ್ತರದ್ದು, ಹೊಸಾದು. ಇದು ಯಾವುದೋ ಹಳೇ ಗಾಡೀದು.”

“ಸ್ಟೋರಿಂದ ಹೊಸಾದೇ ಕೊಟ್ಟೀನಿ,” ಎಂದ ಸ್ಟೋರ್‌ಕೀಪರ್ ಸದಾನಂದ. “ನೀ ಅದನ್ನ ಕೂಡ್ರಿಸೇ ಇಲ್ಲ. ಎಲ್ಲಿ ಮಾರಿದಿ ಕಾಕಾ?”

ಮಾಲೀಕ ಪ್ರಲ್ಹಾದರಾಯರು ಗಡಿಯಾರ ನೋಡಿದರು. “ಮಧ್ಯಾಹ್ನ ವ್ಯಾನ್ ಒಯ್ಯಲಿಕ್ಕೆ ಗಿರಾಕಿ ಬರ್ತಾರ. ಅಷ್ಟರೊಳಗ ಬ್ಯಾಟರಿ ಸಿಗಲಿಲ್ಲಂದ್ರ ನಾಳಿಂದ ನೀ ಬರಬ್ಯಾಡ, ಹೊಳಬಸಪ್ಪ.”

ಮೂಲೆಯಲ್ಲಿ ವ್ಯಾನಿನ ಪರದೆ ಹೊಲಿಯುತ್ತಿದ್ದ ದುರ್ಗಾಳ ಮಷಿನ್ ನಿಂತಿತು.

* * *

ರಾಯರೂ ಸದಾನಂದನೂ ಹೋದ ಮೇಲೆ ಆಕೆ ವ್ಯಾನಿನೊಳಗೆ ಬಗ್ಗಿ ನೋಡಿದಳು. ಬ್ಯಾಟರಿ ಅಲುಗಾಡದಂತೆ ಬಿಗಿಯುವ ದಪ್ಪ ಪಟ್ಟಿ ಆಕೆಯೇ ಹೊಲಿದದ್ದು. ಈಗ ನಾಲ್ಕು ಬೆರಳು ಸಡಿಲವಿತ್ತು. ಅಲ್ಲೇ ಕೂತಿದ್ದ ಹೊಳಬಸಪ್ಪನನ್ನು ಕೇಳಿದಳು.

“ಕಾಕಾ, ಒಂದು ಗಾಡಿಗೆ ಎರಡು ಬ್ಯಾಟರಿ ಯಾಕ್ರಿ?”

“ಎಂಜಿನ್ನಿಂದು ಒಮ್ಮೆ ಜೋರಾಗಿ ದಬ್ಬತದ, ಗಾಡಿ ಚಾಲೂ ಆಗತದ. ಅಷ್ಟ ಅದರ ಕೆಲಸ. ಸೀಟಿನ ಕೆಳಗಿಂದು ಸಾವಕಾಶ, ರಾತ್ರಿಪೂರ್ತಿ ಕೊಡಬೇಕು. ಅದರ ಜಾತೀನ ಬ್ಯಾರೆ.”

“ಅದು ಮನಿಗೂ ನಡೀತದೇನ್ರಿ?”

“ಇನ್ವರ್ಟರಿಗೆ ಅದನ್ನ ಹಾಕ್ತಾರ. ಲೋಡ್ ಶೆಡ್ಡಿಂಗ್ ಶುರು ಆದಾಗಿಂದ ಎಲ್ಲಾರಿಗೂ ಅದೇ ಬೇಕು.”

“ಹೊರುವಾಗ ಆ್ಯಸಿಡ್ ಚೆಲ್ಲತದೇನ್ರಿ?”

“ವಾರೆ ಆದ್ರ ಒಸರತದ. ಅದಕ್ಕ ನಾ ಹಗ್ಗ ಕಟ್ಟಿ ಎತ್ತತೀನಿ, ಮೈಗೆ ತಾಗಸಂಗಿಲ್ಲ. ತಾಗಿದ್ರ ಅಂಗಿ ಒಗದ ಮ್ಯಾಲೆ ತೂತು ಬೀಳತಾವ.”

ದುರ್ಗಾ, ಹರಿದ ಬಟ್ಟೆಗಳನ್ನು ರಫೂ ಮಾಡಲು ಇಟ್ಟುಕೊಂಡ ತನ್ನ ಚೀಲದ ಕಡೆ ನೋಡಿದಳು.

* * *

“ರಾಯರ…” ಮೊದಲ ಸಲ ದುರ್ಗಾಳ ದನಿ ಮಾಲೀಕರಿಗೆ ಕೇಳಿಸಲೇ ಇಲ್ಲ. ಎರಡನೆಯ ಸಲ ಅವರೂ ಸದಾನಂದನೂ ತಿರುಗಿ ನೋಡಿದರು. “ಕಾಕಾ ಬ್ಯಾಟರಿ ಕೂಡ್ರಿಸಿದ್ರು. ವ್ಯಾನಿನೊಳಗ ಅದರ ಅಳತಿ ತಗೊಂಡೇ ಈ ಪಟ್ಟಿ ಹೊಲದೀನ್ರಿ. ಸೋಮವಾರ ಬಿಗಿ ಇತ್ತು. ಈಗ ನಾಕ್ ಬೆರಳು ಸಡಲ.”

ಸದಾನಂದ ನಕ್ಕ. “ಟೇಪ್ ಹಿಡದಾಕಿ ಪೊಲೀಸ್ ಆದ್ಲು! ಆಮ್ಯಾಲೆ ಅವನೇ ತಗದಿರಬೇಕು.”

“ಕಾಕಾ ಹಗ್ಗ ಕಟ್ಟಿ ಎತ್ತತಾರ್ರಿ. ತಗದಾಂವ ಹೊಟ್ಟಿಗೆ ಅವಚಿಕೊಂಡು ಒಯ್ದಾನ.” ಆಕೆ ಚೀಲದಿಂದ ಒಂದು ಅಂಗಿ ತೆಗೆದು ಸದಾನಂದನ ಮುಂದೆ ಹಿಡಿದಳು. “ಇದು ನಿಮ್ಮದಲ್ಲೇನ್ರಿ? ಇಲಿ ಕಡದಾವ, ರಫೂ ಮಾಡು ಅಂತ ನಿನ್ನೆ ಕೊಟ್ರಿ. ಇಲಿ ಕಡದ್ರ ಉಳದ ನೂಲು ಗಟ್ಟಿ ಇರತದ. ಇಲ್ಲಿ ಸೂಜಿ ತಾಗಿದ್ರ ನೂಲೇ ಪುಡಿ ಆಗತದ. ತೂತೆಲ್ಲಾ ಹೊಟ್ಟಿ ಮಟ್ಟಕ್ಕೇ ಅದಾವ.”

ಹೊಳಬಸಪ್ಪ ಅಂಚನ್ನು ಬೆರಳಲ್ಲಿ ತಿಕ್ಕಿದ. ಎಳೆಗಳು ಬೂದಿಯಂತೆ ಉದುರಿದವು.

“ಆ್ಯಸಿಡ್,” ಎಂದ.

ಸದಾನಂದ ಸ್ಟೂಲಿನ ಮೇಲೆ ಕೂತ. “ಮಗಳ ಬಾರಾವಿ, ಹನ್ನೆರಡನೇ ಕ್ಲಾಸಿನ ಪರೀಕ್ಷಾ ರೀ. ನಾವಿರೋ ಬಿಬವೇವಾಡ್ಯಾಗ ದಿನಾ ಕರೆಂಟ್ ಹೋಗತದ. ಮನಿ ಇನ್ವರ್ಟರಿಗೆ ಹಚ್ಚೀನಿ. ವ್ಯಾನಿನ ಕೀಲಿ ಸ್ಟೋರಿನ್ಯಾಗೇ ಇತ್ತು. ಪರೀಕ್ಷಾ ಮುಗದ ಕೂಡ್ಲೆ ತಂದಿಡಾಂವ ಇದ್ದೆ.”

“ಕೇಳಿದ್ರ ನಾನ ಏನರ ವ್ಯವಸ್ಥಾ ಮಾಡತಿದ್ದೆ,” ಎಂದ ಹೊಳಬಸಪ್ಪ. “ನನ್ನ ತಲೀಮ್ಯಾಲೆ ಯಾಕ್ ಹಾಕಿದಿ?”

ರಾಯರು ಸ್ಟೋರಿನ ಕೀಲಿಗೊಂಚಲಿಗಾಗಿ ಸದಾನಂದನತ್ತ ಕೈ ಚಾಚಿದರು.

* * *

ಮಧ್ಯಾಹ್ನದ ಹೊತ್ತಿಗೆ ಎತ್ತರದ ಬ್ಯಾಟರಿ ಮರಳಿ ಬಂತು. ಪಟ್ಟಿ ಬಿಗಿಯಾಗಿ ಕೂತಿತು. ಹೊಳಬಸಪ್ಪ ಬ್ಯಾಟರಿಯ ವೋಲ್ಟ್ ಅಳೆಯುವ ಮೀಟರನ್ನು ದುರ್ಗಾಳ ಕೈಗಿಟ್ಟ.

“ಅಳತಿ ನಿನಗ ಗೊತ್ತದ. ಇದೂ ಅಳತೀನ. ಬ್ಯಾಟರಿ ತುಂಬಿದ್ರ ಹನ್ನೆರಡೂವರಿ ದಾಟಬೇಕು. ಕೆಂಪು ವಾಯರ್ ಎಲ್ಲಿ ಹಚ್ಚತಿ, ತೋರಸು.”

ಆಕೆ ಹಚ್ಚಿ ತೋರಿಸಿದಳು. ಮುಳ್ಳು ಮೇಲೆದ್ದಿತು.

“ಎಷ್ಟದ? ಜೋರಾಗಿ ಹೇಳವ್ವ, ರಾಯರಿಗೆ ಕೇಳಬೇಕು.”

“ಹನ್ನೆರಡೂ ಮುಕ್ಕಾಲು ವೋಲ್ಟ್!”

ಶೆಡ್ಡಿನ ಆಚೆ ತುದಿಗೂ ಕೇಳಿಸಿತು.