ಎರಡೇ ಸ್ಕ್ರೂ

"ಇನ್ನೂ ಉಸಿರಾಡ್ತಿದಾರೆ. ಕಾಣಲ್ವಾ ನಿಂಗೆ?"

ಬಾಗಿಲಲ್ಲೇ ನಿಂತು ಅವಳು ಕೇಳಿದ್ದು ಇಷ್ಟೇ. ಒಳಗಿದ್ದವನ ಕೈಯಿಂದ ಟೇಪು ಜಾರಿ, ಸರ್ರಂತ ತನ್ನ ಡಬ್ಬಿಯೊಳಗೆ ತಾನೇ ಓಡಿಹೋಯ್ತು.

ಹೀರೋ ಎಂಟ್ರಿ ಅಂದ್ರೆ ಗಾಳಿ ಬೀಸ್ಬೇಕು, ಹಿಂದೆ ಮ್ಯೂಸಿಕ್ ಬರ್ಬೇಕು. ಇವನ ಎಂಟ್ರಿ ನೋಡಿ... ಮಂಚದ ಮೇಲೆ ಮಲಗಿರೋ ಕಾಯಿಲೆ ಮನುಷ್ಯನನ್ನ ತಲೆಯಿಂದ ಪಾದದವರೆಗೆ ಅಳೀತಾ ನಿಂತಿದ್ದ. ಕಿವಿ ಮೇಲೆ ಪೆನ್ಸಿಲ್, ಕಂಕುಳಲ್ಲಿ ಒಂದು ಮರದ ಪಟ್ಟಿ, ಶರ್ಟಿಗೆ ಎರಡೇ ಗುಂಡಿ. ಶವಪೆಟ್ಟಿಗೆ ಮಾಡೋ ಬಡಗಿ. ಜನ ಅವನನ್ನ ಕರೆಯೋದೂ 'ಪೆಟ್ಟಿಗೆ' ಅಂತಾನೇ.

ಮಂಚದ ಮೇಲಿದ್ದದ್ದು ಅವಳ ಅಪ್ಪ.

"ಯಾರು ಕರೆಸಿದ್ದು ನಿನ್ನ?"

ಅವನು ಮಂಚದ ಕಡೆ ನೋಡಿದ. ಅಪ್ಪ ಕಣ್ಣು ಮುಚ್ಚಿ ಮಲಗಿದ್ರು.

"ಚಿಕ್ಕಮ್ಮ ತಾನೇ?"

ಹೌದು ಅನ್ನಲಿಲ್ಲ, ಅಲ್ಲ ಅನ್ನಲಿಲ್ಲ. ಬಗ್ಗಿ ಚಪ್ಪಲಿ ಹುಡುಕ್ದ.

"ಇಪ್ಪತ್ತೊಂದು ದಿನದಿಂದ ಉಪವಾಸ ಇದ್ದು ಪ್ರಾರ್ಥನೆ ಮಾಡ್ತಿದೀನಿ ನಾನು. ನೀನು ಟೇಪು ಹಿಡ್ಕೊಂಡು ಬರ್ತೀಯಾ? ನಾನೂ ಟೇಲರ್ರೇ. ಉಸಿರಾಡೋರ ಅಳತೆ ಮಾತ್ರ ತಗೋತೀನಿ. ನಿನ್ನ ಥರ ರಣಹದ್ದು ಕೆಲಸ ಮಾಡಲ್ಲ."

"ತಪ್ಪಾಯ್ತು ಮೇಡಂ," ಅಂದ. ಹೋದ.

ಹೋಗುವಾಗ ಬಾಗಿಲನ್ನ ಸದ್ದಾಗದ ಹಾಗೆ ಎಳ್ಕೊಂಡ. ಆ ಮರ್ಯಾದೆ ನೋಡಿ ಅವಳಿಗೆ ಇನ್ನಷ್ಟು ಉರೀತು.

ಅಪ್ಪ ಬಸ್ ಡ್ರೈವರ್. ಮೂವತ್ತು ವರ್ಷ ಬೆಳಗಿನ ಮೊದಲ ಟ್ರಿಪ್ಪು ಅವರದ್ದೇ. ಅಮ್ಮ ಹೋದ ಮೇಲೆ ಮನೇಲಿ ಇಬ್ಬರೇ. ದಿನಾ ಮಲಗೋ ಮುಂಚೆ ಒಂದೇ ಡೈಲಾಗು... "ಬಾಗಿಲ ಬೋಲ್ಟ್ ಬಿಗಿಯಾಗಿ ಹಾಕ್ಬೇಡ ಮಗಳೇ. ಬೆಳಿಗ್ಗೆ ಬೇಗ ಏಳ್ಬೇಕು."

ಆ ಬಡಗಿ ಬಂದುಹೋದ ದಿನದಿಂದ ಅವಳು ತನ್ನ ಹೊಲಿಗೆ ಅಂಗಡಿಗೇ ಹೋಗಲಿಲ್ಲ. ಗೋಡೆ ಕಡೆ ಮುಖ ಮಾಡಿ ಮೊಣಕಾಲೂರಿದವಳು ಎದ್ದಿದ್ದೇ ಅಪರೂಪ. ಅಪ್ಪ ಎರಡು ಸಲ ಕರೆದ್ರು.

"ಬಾರಮ್ಮ ಇಲ್ಲಿ. ಸ್ವಲ್ಪ ಮಾತಾಡೋಣ."

"ಪ್ರಾರ್ಥನೆ ಮುಗಿಸ್ಕೊಂಡು ಬಂದೆ ಅಪ್ಪ."

ನಾಲ್ಕನೇ ದಿನ ಬೆಳಿಗ್ಗೆ ಪ್ರಾರ್ಥನೆ ಮುಗಿಸಿ ತಿರುಗಿ ನೋಡಿದ್ಲು. ಮಾತಾಡೋಕೆ ಅಪ್ಪ ಇರಲಿಲ್ಲ.

ಸಮಾಧಿ ಹತ್ರ ಅವಳ ಕಣ್ಣು ನೆಟ್ಟಿದ್ದು ಪೆಟ್ಟಿಗೆ ಮುಚ್ಚಳದ ಮೇಲೆ. ಹೊಲಿಗೆಯವಳ ಕಣ್ಣು ನೋಡಿ, ಒಂದು ಎಳೆ ತಪ್ಪಿದ್ರೂ ಹಿಡಿಯುತ್ತೆ. ಅಮ್ಮನ ಪೆಟ್ಟಿಗೆಗೆ ಎಂಟು ಸ್ಕ್ರೂ ಇತ್ತು, ಅವಳಿಗೆ ನೆನಪಿದೆ. ಇದಕ್ಕೆ ಎರಡೇ. ಅದೂ ಅರ್ಧಕ್ಕೆ ತಿರುಗಿಸಿ ಬಿಟ್ಟಿದ್ದ.

"ಎರಡೇನಾ?" ಎಲ್ಲರ ಮುಂದೆ ಕೇಳಿದ್ಲು. "ನಿನ್ನ ಶರ್ಟಿಗೆ ಗುಂಡಿ ಇಲ್ಲ ಅಂತ ನಮ್ಮಪ್ಪನಿಗೂ ಅದೇ ಗತೀನಾ? ಸತ್ತೋರು ಕೇಳೋಕೆ ಬರಲ್ಲ ಅನ್ನೋ ಧೈರ್ಯ ತಾನೇ? ಕಳ್ಳ."

ಪಾಸ್ಟರ್ ಕೆಮ್ಮಿದ್ರು. ಹೆಂಗಸರು ಅವಳ ಭುಜ ಹಿಡ್ಕೊಂಡ್ರು. ಅವನು ಪೆಟ್ಟಿಗೆ ಇಳಿಸೋ ಹಗ್ಗ ಕೈಗೆ ಸುತ್ತಿಕೊಂಡು ನೆಲ ನೋಡ್ತಾ ನಿಂತಿದ್ದ. ಕಣ್ಣು ಮಾತ್ರ ಕೆಂಪಗಿತ್ತು.

*ಕಳ್ಳರಿಗೂ ಅಳು ಬರುತ್ತಾ?* ಅನ್ಕೊಂಡ್ಲು.

ಮನೆಗೆ ಬಂದ ಮೇಲೆ ಚಿಕ್ಕಮ್ಮ ಪಕ್ಕ ಕೂತು, ತಲೆ ಸವರಿ, ಮೆತ್ತಗೆ ಚೂರಿ ಹಾಕಿದ್ರು. "ಎಲ್ಲಾ ದೇವರಿಷ್ಟ ಕಣೇ. ಆದ್ರೂ ಒಂದು ಮಾತು ಹೇಳ್ತೀನಿ, ಬೇಜಾರ್ ಮಾಡ್ಕೋಬೇಡ. ನಿನ್ನ ನಂಬಿಕೇಲಿ ಎಲ್ಲೋ ಕೊರತೆ ಇತ್ತು."

ಅವಳೊಳಗೆ ಏನೋ ಕಟ್ ಅಂತ ಕತ್ತರಿಸಿ ಬಿತ್ತು.

ಆಮೇಲೆ ಎಂಟು ತಿಂಗಳು ಚರ್ಚಿಗೆ ಹೋದ್ಲು, ಬಂದ್ಲು. ಹಾಡಿಗೆ ಬಾಯಿ ಆಡಿಸಿದ್ಲು. ಪ್ರಾರ್ಥನೇಲಿ ದೇವರ ಇಷ್ಟದಂತೆ ಆಗಲಿ ಅನ್ನೋ ಜಾಗ ಬಂದಾಗ ಹಲ್ಲು ಕಚ್ಚಿ ಸುಮ್ಮನಿದ್ಲು. *ನಾನು ಕೇಳಿದ್ದು ಒಂದೇ ಒಂದು. ಅದನ್ನೂ ಕೊಡದವನ ಇಷ್ಟಕ್ಕೆ ನಾನ್ಯಾಕೆ ಹೂಂ ಅನ್ಲಿ?*

ಚರ್ಚಿನ ಬೆಂಚುಗಳಿಗೆ ಹೊಸ ಮೆತ್ತೆ ಹೊಲಿಯೋ ಕೆಲಸ ಅವಳಿಗೇ ಬಂತು. ಒಪ್ಕೊಂಡ್ಲು. ಆದ್ರೆ ಮನಸಲ್ಲಿ ತೀರ್ಮಾನ ಆಗಿಹೋಗಿತ್ತು. *ಇದೇ ಕೊನೆ. ಮೆತ್ತೆ ಕೊಟ್ಟ ಮೇಲೆ ಆ ಮೆಟ್ಟಿಲು ಹತ್ತಲ್ಲ.*

ಒಂದೇ ತೊಂದರೆ. ಬೆಂಚುಗಳು ರಿಪೇರಿಗೆ ಹೋಗಿದ್ವು. ಎಲ್ಲಿಗೆ? ಇನ್ನೆಲ್ಲಿಗೆ... ಅವನ ಶೆಡ್ಡಿಗೆ.

ಮಧ್ಯಾಹ್ನ ಹೋದ್ಲು. ಮರದ ಹೊಟ್ಟು, ಅಂಟಿನ ವಾಸನೆ, ಮೂಲೇಲಿ ಒಂದರ ಮೇಲೊಂದು ಬೆಂಚು. ಅವನು ಮರ ನಯ ಮಾಡೋ ಉಜ್ಜುಗೊರಡು ಕೆಳಗಿಟ್ಟು, ತನ್ನ ಸ್ಟೂಲನ್ನ ಬಟ್ಟೇಲಿ ಒರೆಸಿ ಮುಂದಕ್ಕೆ ತಳ್ಳಿದ.

"ಕೂತ್ಕೊಳ್ಳೋಕೆ ಬಂದಿಲ್ಲ. ಅಳತೆ ತಗೊಂಡು ಹೋಗ್ತೀನಿ."

"ಸರಿ ಮೇಡಂ."

"ಗುಂಡಿ ಇನ್ನೂ ಎರಡೇ ಇದೆಯಲ್ಲ."

"ಹೊಲಿಯೋರು ಸಿಗಲಿಲ್ಲ. ನಮ್ಮನೆಗೆ ಬರೋಕೆ ಜನ ಹೆದರ್ತಾರೆ. ನಾನು ಬಾಡಿಗೆ ಕೊಡೋಕೆ ಹೋದ್ರೂ ಓನರ್ ಅಜ್ಜಿ ಕೆಮ್ಮೋದನ್ನ ನಿಲ್ಲಿಸಿ ನೆಟ್ಟಗೆ ಕೂತ್ಕೋತಾಳೆ."

ಅವಳಿಗೆ ನಗು ಬಂತು. ಬಂದಿದ್ದಕ್ಕೆ ತನ್ನ ಮೇಲೇ ಸಿಟ್ಟು ಬಂತು. ಬಗ್ಗಿ ಬೆಂಚು ಅಳೆಯೋಕೆ ಶುರು ಮಾಡಿದ್ಲು. ಬರ್ಕೊಳ್ಳೋಕೆ ತಲೆ ಎತ್ತಿದಾಗ... ಗೋಡೆ ಮೇಲೆ, ಎರಡು ಮೊಳೆ ನಡುವೆ, ಒಂದು ಮರದ ಪಟ್ಟಿ ಕಾಣ್ತು. ಮೇಲೆ ಪೆನ್ಸಿಲ್ ಬರಹ.

ಆ ಬರಹ ಅವಳಿಗೆ ಗೊತ್ತು. ಸ್ಕೂಲಿನ ಪ್ರೋಗ್ರೆಸ್ ಕಾರ್ಡಿನ ಸಹಿಯಿಂದ ಗೊತ್ತು. ಫ್ರಿಜ್ ಮೇಲಿನ ಹಾಲಿನ ಚೀಟಿಯಿಂದ ಗೊತ್ತು.

'ಐದಡಿ ಎಂಟಿಂಚು. ಕಾಲು ಚಾಚೋಕೆ ಜಾಗ ಬಿಡು. ಸ್ಕ್ರೂ ಎರಡೇ, ಅದೂ ಸಡಿಲ. ಬೆಳಿಗ್ಗೆ ಬೇಗ ಏಳ್ಬೇಕು.'

ಕೈಯಲ್ಲಿದ್ದ ಟೇಪು ನೆಲಕ್ಕೆ ಬಿತ್ತು. ಈ ಸಲ ಅವಳದ್ದು.

"ಇದು ನಿನ್ನ ಹತ್ರ ಹೇಗೆ ಬಂತು?"

ಅವನು ಕೈಗಂಟಿದ್ದ ಹೊಟ್ಟನ್ನ ಕೊಡವಿಕೊಂಡ.

"ಅವರೇ ಹೇಳಿ ಕಳಿಸಿದ್ರು ಮೇಡಂ. ಮಗಳು ಅಂಗಡೀಲಿ ಇರ್ತಾಳೆ, ಆಗ ಬಾ ಅಂದ್ರು. ಇದನ್ನ ಬರೆದು ಕೊಟ್ಟು ನಕ್ಕರು. 'ಎಲ್ರೂ ಇದನ್ನ ಲಾಸ್ಟ್ ಸ್ಟಾಪು ಅಂತಾರೆ ಕಣೋ. ಅಲ್ಲ, ಇದು ಡಿಪೋ. ರಾತ್ರಿ ನಿಂತು, ಬೆಳಿಗ್ಗೆ ಹೊರಡೋದು. ಕರ್ತ ಬಂದು ಸತ್ತೋರನ್ನೆಲ್ಲ ಎದ್ದೇಳಿ ಅಂತ ಕರೆದಾಗ ಮುಚ್ಚಳದ ಜೊತೆ ಗುದ್ದಾಡ್ತಾ ಕೂರೋಕೆ ನಂಗಾಗಲ್ಲ' ಅಂದ್ರು. ಅಷ್ಟರಲ್ಲಿ ಮೆಟ್ಟಿಲಲ್ಲಿ ನಿಮ್ಮ ಕಾಲಿನ ಸದ್ದು ಕೇಳ್ತು. ನಂಗೆ ಕಣ್ಣು ಹೊಡೆದು, ನಿದ್ದೆ ಬಂದಂಗೆ ಮಲಗಿಬಿಟ್ರು."

"ನಾಟಕ ಆಡಿದ್ರಾ?" ಅವಳ ದನಿ ಒಡೀತು. "ನಾನು ಗೋಡೆ ನೋಡ್ಕೊಂಡು ಕೂತಿದ್ದೆ ಕಣೋ. ನಾಲ್ಕು ದಿನ. ಹೋಗ್ತಾರೆ ಅಂತ ಗೊತ್ತಿದ್ರೆ ಅವರ ಮುಖ ನೋಡ್ಕೊಂಡು ಕೂರ್ತಿದ್ದೆ. ಕರೆದ್ರು ನನ್ನ. ಎರಡು ಸಲ ಕರೆದ್ರು."

ಅವನು ನೆಲಕ್ಕೆ ಬಿದ್ದಿದ್ದ ಟೇಪು ಎತ್ತಿ, ಹೊಟ್ಟು ಒರೆಸಿ, ಅವಳ ಪಕ್ಕದ ಬೆಂಚಿನ ಮೇಲಿಟ್ಟ.

"'ಅವಳ ಪ್ರಾರ್ಥನೆ ನನ್ನಿಂದ ಮುರೀಬಾರದು' ಅಂತ ಅವರು ನನ್ನ ಹತ್ರ ಮಾತು ತಗೊಂಡಿದ್ರು. 'ಅವಳಾಗೇ ಕೇಳೋವರೆಗೂ ಹೇಳ್ಬೇಡ' ಅಂತ."

"ಅಷ್ಟು ಜನರ ಮುಂದೆ ಕಳ್ಳ ಅಂದೆ ನಿನ್ನ."

"ಬೈದ್ರಿ. ಯಾಕೆ ಎರಡು ಅಂತ ಕೇಳ್ಲಿಲ್ಲ."

"ಎಂಟು ತಿಂಗಳು ಬಾಯಿ ಮುಚ್ಕೊಂಡಿದ್ಯಲ್ಲ. ಅದೂ ತಪ್ಪೇ."

"ಹೌದು. ತಪ್ಪೇ." ಅವನು ಪಟ್ಟಿಯನ್ನ ಮೊಳೆಯಿಂದ ಬಿಡಿಸಿ ಅವಳ ಕೈಗಿಟ್ಟ. "ಕೆಲಸ ಮುಗಿದ ಮೇಲೆ ಅಳತೆ ಬರೆದ ಪಟ್ಟಿಗಳನ್ನ ಒಲೆಗೆ ಹಾಕ್ತೀನಿ. ಇದೊಂದು ಹಾಕೋಕೆ ಆಗ್ಲಿಲ್ಲ."

ಅವಳು ಹೊಟ್ಟಿನ ಮೇಲೇ ಕುಸಿದ್ಲು. ಪಟ್ಟಿಯನ್ನ ಮಡಿಲಲ್ಲಿ ಇಟ್ಕೊಂಡು ಒಂದೊಂದೇ ಅಕ್ಷರ ಸವರಿದ್ಲು. ಅವಳು ದೇವರ ಹತ್ರ ಕೇಳಿದ್ದು ಇನ್ನೊಂದಷ್ಟು ವರ್ಷ. ಅಪ್ಪ ನಂಬಿದ್ದು ಬೆಳಗಾಗುತ್ತೆ ಅಂತ. ಕೊರತೆ ಇದ್ದದ್ದು ಅವಳ ನಂಬಿಕೇಲಿ ಅಲ್ಲ... ಅವಳು ಅದನ್ನ ಒಂದೇ ಅಳತೆಗೆ ಕತ್ತರಿಸಿ ಇಟ್ಕೊಂಡಿದ್ಲು, ಅಷ್ಟೇ. ಇದು ಗೊತ್ತಾಯ್ತು ಅಂತ ನೋವೇನೂ ಹೋಗಲಿಲ್ಲ. ಆ ನಾಲ್ಕು ದಿನ ವಾಪಸ್ಸು ಬರಲ್ಲ.

ಅವಳಿಗೇ ಗೊತ್ತಿಲ್ಲದೆ ತುಟಿ ಅಲುಗಾಡ್ತು.

"ಕರ್ತನೇ, ನಿನ್ನ ಮೇಲೆ ಇನ್ನೂ ಸಿಟ್ಟಿದೆ. ಅದನ್ನ ನಿನಗೇ ಹೇಳೋಣ ಅಂತ ಬಂದಿದೀನಿ. ಅಪ್ಪನ್ನ ಬೆಳಿಗ್ಗೆ ಮರೀದೆ ಎಬ್ಬಿಸು. ಬೇರೇನೂ ಕೇಳಲ್ಲ... ಇವತ್ತಿಗೆ."

ಎಂಟು ತಿಂಗಳಾದ ಮೇಲೆ ಅವಳದ್ದೇ ಮಾತಲ್ಲಿ ಹುಟ್ಟಿದ ಪ್ರಾರ್ಥನೆ. ಆಚೆ ನಿಂತಿದ್ದವನು ಮೆಲ್ಲಗೆ "ಆಮೆನ್" ಅಂದ.

ಆ ಭಾನುವಾರ ಚರ್ಚಲ್ಲಿ ದೇವರ ಇಷ್ಟದಂತೆ ಆಗಲಿ ಅನ್ನೋ ಜಾಗ ಬಂದಾಗ ಅವಳು ಹಲ್ಲು ಕಚ್ಚಲಿಲ್ಲ. ಎಲ್ಲರ ಜೊತೆ ತಾನೂ ಹೇಳಿದ್ಲು. ಹೊರಗೆ ಬಂದ ಮೇಲೆ ಮೆಟ್ಟಿಲ ಮೇಲೆ ನಿಂತು, ಎಲ್ಲರಿಗೂ ಕೇಳೋ ಹಾಗೆ, ಅವನ ಹತ್ರ ಕ್ಷಮೆ ಕೇಳಿದ್ಲು. ಚಿಕ್ಕಮ್ಮ ಏನೋ ಹೇಳೋಕೆ ಬಾಯಿ ತೆಗೆದ್ರು. "ಚಿಕ್ಕಮ್ಮ, ಬೇಡ," ಅಂದ್ಲು. ಅಷ್ಟೇ.

ಮೆತ್ತೆ ಕೊಟ್ಟಾಯ್ತು. ಚರ್ಚಿಗೆ ಹೋಗೋದು ನಿಲ್ಲಲಿಲ್ಲ. ಶೆಡ್ಡಿಗೆ ಹೋಗೋದು ಶುರುವಾಯ್ತು, ಅವನ ಬಾಯಲ್ಲಿ 'ಮೇಡಂ' ಹೋಗಿ 'ನೀನು' ಬಂತು. ಒಂದು ದಿನ, ಅವನು ಹಲಗೆ ಕೊಯ್ತಿದ್ದಾಗ ಕೇಳಿದ್ಲು.

"ನನ್ನದಕ್ಕೂ ಎರಡೇ ಸ್ಕ್ರೂ ಹಾಕ್ತೀಯಾ?"

ಗರಗಸ ನಿಂತುಹೋಯ್ತು.

"ನಿನ್ನ ಅಳತೆ ನಾನು ತಗೊಳ್ಳಲ್ಲ."

"ಯಾಕೆ?"

"ಕೈ ಬರಲ್ಲ. ಆ ಕೆಲಸಕ್ಕೆ ಬೇರೆ ಬಡಗೀನ ನೋಡ್ಕೋ. ಮೊದಲು ನಾನು ಹೋಗಿರ್ಬೇಕು, ಆಮೇಲೆ ನೀನು. ಅದರ ಮಧ್ಯೆ ಎಷ್ಟು ವರ್ಷ ಸಿಗುತ್ತೋ ಅಷ್ಟೂ ನಿನ್ನ ಜೊತೆ ಬೇಕು." ಅಂದುಬಿಟ್ಟು, ಸಿಕ್ಕಿಬಿದ್ದವನ ಹಾಗೆ ಪೆನ್ಸಿಲ್ ಹುಡುಕ್ದ. ಪೆನ್ಸಿಲ್ ಕಿವಿ ಮೇಲೇ ಇತ್ತು.

ಅವಳು ಕುತ್ತಿಗೇಲಿದ್ದ ಟೇಪು ತೆಗೆದ್ಲು. "ತಿರುಗಿ ನಿಂತ್ಕೋ."

"ಏನಕ್ಕೆ?"

"ಶರ್ಟಿಗೆ. ಈ ಎರಡು ಗುಂಡಿ ನೋಡಿ ನೋಡಿ ಸಾಕಾಗಿದೆ."

ಅವನ ಭುಜದ ಮೇಲೆ ಟೇಪಿಟ್ಟು ಬೆರಳಲ್ಲಿ ಒತ್ತಿ ಹಿಡಿದ್ಲು. ಅಪ್ಪ ಓಡಾಡ್ಕೊಂಡಿದ್ದಾಗ ಅವರ ಕೊನೇ ಕೋಟಿಗೆ ಅಳತೆ ತಗೊಂಡ ಬೆರಳುಗಳು ಅವು. ಅಳತೆ ಬರ್ಕೊಂಡ್ಲು. ಎದೆ ಸುತ್ತ ಟೇಪು ತಂದ್ಲು.

"ಹೊಟ್ಟೆ ಒಳಗೆ ಎಳ್ಕೋಬೇಡ."

"ಎಳ್ಕೊಂಡಿಲ್ಲ. ಉಸಿರು ಬಿಡೋಕೆ ಭಯ ಆಗ್ತಿದೆ."

"ಬಿಡು," ಅಂದ್ಲು, ಕಣ್ಣೊರೆಸಿಕೊಳ್ತಾ. "ಉಸಿರಾಡೋರ ಅಳತೆ ಮಾತ್ರ ತಗೋತೀನಿ ನಾನು."