ಜ್ವರದ ದಿನ ಹಾಕಿದ ಸೊಪ್ಪು

ಇದು ಅರವತ್ತನಾಲ್ಕನೇ ಇಸವಿಯಲ್ಲಿ, ಯಳಂದೂರಿನ ಹತ್ತಿರದ ನಮ್ಮೂರಲ್ಲಿ ನಾನೇ ಕಂಡದ್ದು. ನಲವತ್ತು ವರ್ಷ ರೇಷ್ಮೆಹುಳು ಸಾಕಿದ್ದ ನಮ್ಮಜ್ಜಿ ಪುಟ್ಟಬಸಮ್ಮನಿಗೆ ಮರೆವು ಶುರುವಾಗಿತ್ತು. ಕಥೆ ಹೇಳುತ್ತಾ ರಾಜಕುಮಾರಿಯನ್ನು ಬಾವಿಯೊಳಗೇ ಬಿಟ್ಟು ಎದ್ದುಹೋಗುತ್ತಿದ್ದಳು.

"ಇನ್ನೊಂದ್ಸಲ ಎಡವಟ್ಟಾದ್ರೆ ಉಳದ್ಮನೆ ಬೀಗದ್ ಕೈ ನಂಗ್ ಕೊಟ್ಬುಡವ್ವ" ಎಂದು ಅಪ್ಪ ಹೇಳಿದ್ದರು. ಅದೊಂದು ಹೋದರೆ ಅಜ್ಜಿ ಉಳಿಯುವುದಿಲ್ಲವೆಂದು ನನಗೆ ಭಯ.

ಅಂದು ಹುಳುಗಳಿಗೆ ಮೂರನೇ ಜ್ವರ. ಪೊರೆ ಬಿಡುವ ಆ ದಿನ ಅವು ತಲೆಯೆತ್ತಿ ನಿದ್ದೆಹೋಗುತ್ತವೆ, ಏನನ್ನೂ ತಿನ್ನುವುದಿಲ್ಲ, ಹಿಪ್ಪುನೇರಳೆ ಸೊಪ್ಪು ಹಾಕಲೂಬಾರದು. ಮಧ್ಯಾಹ್ನ ಅಜ್ಜಿ ಹುಳದ ಮನೆಯಿಂದ ಖಾಲಿ ಮಂಕರಿ ಹಿಡಿದು ಬಂದಳು.

"ಸೊಪ್ಪು ಹಾಕ್ಬುಟ್ಯಾ? ಇವತ್ತು ಜ್ವರ ಕಣಜ್ಜಿ."

"ಅಸಿವು ಅಂತ ಕರೀತಿದ್ರಲ್ಲವ್ವ."

"ಯಾರು?"

ಅಜ್ಜಿ ಹುಳದ ಮನೆಯ ಕಡೆ ತಿರುಗಿ ನೋಡಿದಳು. "ಮರ್ತೋಯ್ತು."

ಅಪ್ಪ ಬರುವ ಮೊದಲೇ ಸೊಪ್ಪು ತೆಗೆದುಬಿಡೋಣವೆಂದು ಬೀಗದ ಕೈ ಇಸಿದುಕೊಂಡು ಓಡಿದೆ. ಬಾಗಿಲಾಚೆಗೇ ಕೇಳಿಸಿತು, ಹೆಂಚಿನ ಮೇಲೆ ತುಂತುರು ಬಿದ್ದಂತೆ, ಸೊಪ್ಪು ಮೇಯುವ ಸದ್ದು. ಬೀಗ ತೆಗೆದೆ. ಸದ್ದು ನಿಂತಿತು. ಯಾವಾಗಲೂ ಬೆಚ್ಚಗಿರುವ ಆ ಕೋಣೆ ಬಾವಿಯ ತಳದಂತೆ ತಣ್ಣಗಿತ್ತು. ತಟ್ಟೆ ತಟ್ಟೆಯಲ್ಲೂ ಹುಳುಗಳು ತಲೆಯೆತ್ತಿ, ಅಲುಗದೆ, ನಿದ್ದೆಯಲ್ಲಿದ್ದವು. ಅವುಗಳ ಮೇಲೆ ಸೊಪ್ಪಿನ ನರ, ತೊಟ್ಟು ಮಾತ್ರ ಉಳಿದಿದ್ದವು.

ಆ ನರ, ತೊಟ್ಟುಗಳನ್ನು ಮಡಿಲಲ್ಲಿ ತಂದು ಒಲೆಗೆ ಹಾಕಿದೆ. ಅಪ್ಪನಿಗೆ ತಿಳಿಯಲಿಲ್ಲ. ಬೀಗದ ಕೈ ಕೊನೆಯವರೆಗೂ ಅಜ್ಜಿಯ ಸೊಂಟದಲ್ಲೇ ಇತ್ತು.

ಮುಂದಿನ ಬೆಳೆಗೆ ಅಜ್ಜಿ ಹಸಿವೆಂದು ಕರೆದವರನ್ನೂ ಮರೆತಿದ್ದಳು. ಮೂರನೇ ಜ್ವರದ ಮಧ್ಯಾಹ್ನ ನಾನೇ ಒಂದು ಮಂಕರಿ ಸೊಪ್ಪು ಹಾಕಿ, ಬಾಗಿಲೆಳೆದುಕೊಂಡು ಬಂದೆ.