ಗಂಗು ಕಲಿತ ಹರಿಶ್ಚಂದ್ರ

"ಮಾಸ್ತರ, ನಿಮ್ಮ ಹರಿಶ್ಚಂದ್ರ ನಮ್ಮ ಮನ್ಯಾಗ ಜಗಳ ಹಚ್ಚ್ಯಾನ್ರಿ!"

ಇಜೇರಿಯ ಗುಡಿಯ ಜಗಲಿಯ ಮೇಲೆ ಕೂತಿದ್ದ ಮಕ್ಕಳೆಲ್ಲ ತಿರುಗಿ ನೋಡಿದರು. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ಬಿಸಿಲಲ್ಲಿ ನಿಂತಿದ್ದಳು ಭಾಗಮ್ಮ. ಅಫಜಲಪುರದಿಂದ ಬಂದು ಇಲ್ಲಿ ಕನ್ನಡ ಶಾಲೆ ತೆರೆದಿದ್ದ ಅಮೋಘಸಿದ್ದ ಮಾಸ್ತರನಿಗೆ, ಇಷ್ಟು ಚಂದದ ಕಣ್ಣುಗಳು ಜಗಳಕ್ಕೆ ಬಂದದ್ದು ಇದೇ ಮೊದಲು.

"ಏನ್ ಮಾಡ್ಯಾನ್ರಿ ಹರಿಶ್ಚಂದ್ರ?"

"ಗಡಿಗ್ಯಾಗಿನ ಬೆಲ್ಲ ಯಾರು ತಿಂದ್ರಂತ ಅವ್ವ ಕೇಳಿದ್ರ, ನಮ್ಮ ಗಂಗು ನನ್ನ ಹೆಸರು ಹೇಳ್ಯಾಳ. ಜೀವ ಹೋದ್ರೂ ಸುಳ್ಳು ಹೇಳಬಾರದಂತ ನೀವು ಕಲಿಸೀರಂತ!"

"ತಿಂದಿದ್ದು ಖರೇನೋ, ಸುಳ್ಳೋ?"

ಭಾಗಮ್ಮ ತುಟಿ ಕಚ್ಚಿದಳು. "ಖರೇನ ಐತ್ರಿ" ಎಂದವಳೇ ನಕ್ಕುಬಿಟ್ಟಳು. ಮುಂದಿನ ಸಾಲಿನಲ್ಲಿ ಕೂತಿದ್ದ ಏಳು ವರ್ಷದ ತಂಗಿ ಗಂಗು ಮಾತ್ರ ನಗಲಿಲ್ಲ. ಅವಳಿಗೆ ಕಥೆಗಳೆಂದರೆ ಆಟವಲ್ಲ.

ಆಮೇಲೆ ಭಾಗಮ್ಮನಿಗೆ ದಿನಾ ಜಗಲಿಯ ಹತ್ತಿರ ಏನಾದರೊಂದು ಕೆಲಸ. ಅವಳು ಬಂದರೆ ಮಾಸ್ತರ ಹೇಳುತ್ತಿದ್ದ ಕಥೆಯ ಧ್ರುವ ಕಾಡಿನ ದಾರಿ ತಪ್ಪುತ್ತಿದ್ದ.

"ಅಕ್ಕ ನಿಮ್ಮ ಹೆಸರು ಅಂದ್ಕೋತ ರೊಟ್ಟಿ ಬಡೀತಾಳ್ರಿ" ಎಂದು ಗಂಗು ಒಂದು ದಿನ ತರಗತಿಯಲ್ಲೇ ಎದ್ದು ಹೇಳಿದಳು. ಕಂಬದ ಮರೆಯಲ್ಲಿದ್ದ ಭಾಗಮ್ಮ ಓಡಿದಳು. ಮಾಸ್ತರ ಹಲಗೆಯ ಕಡೆ ತಿರುಗಿ, ಬರೆದ ಅಕ್ಷರವನ್ನೇ ಮತ್ತೆ ಬರೆದ.

ದೇಶಕ್ಕೆ ಸ್ವಾತಂತ್ರ್ಯ ಬಂದಿತ್ತು. ನಿಜಾಮನ ಸೀಮೆಗೆ ಬಂದಿರಲಿಲ್ಲ. ನಲವತ್ತೆಂಟರ ಬೇಸಿಗೆಯಲ್ಲಿ ಶಾಲೆಯ ಮುಂದೆ ತಿರಂಗಾ ಹಾರಿಸಿದ ಮಾಸ್ತರನನ್ನು ನಿಜಾಮನ ಕಡೆಯ ರಜಾಕಾರರು ಹುಡುಕತೊಡಗಿದರು. ಭಾಗಮ್ಮನ ಮನೆಯ ಹಿತ್ತಲಲ್ಲಿದ್ದ, ಒಣ ಜೋಳದ ದಂಟಿನ ಕಣಕಿ ಬಣವಿಯೊಳಗೆ ಅವನು ಅಡಗಿದ. ಅವಳು ರೊಟ್ಟಿ ಒಯ್ದು ಕೊಡುತ್ತಿದ್ದಳು.

"ಇದೆಲ್ಲಾ ಮುಗೀಲಿ, ನಿಮ್ಮವ್ವನ್ನ ಕೇಳ್ತೇನಿ" ಎಂದ, ಅವಳ ಕೂದಲಿಗೆ ಸಿಕ್ಕ ಕಣಕಿಯ ಎಸಳನ್ನು ತೆಗೆಯುತ್ತ.

"ಏನಂತ?"

"ಬೆಲ್ಲ ಕದಿಯೋ ಹುಡುಗಿ ಬೇಕಂತ."

ಮರುದಿನವೇ ರಜಾಕಾರರು ಬಂದರು. ಮಾಸ್ತರ ಇಲ್ಲಿಲ್ಲವೆಂದಳು ಅವ್ವ. ಭಾಗಮ್ಮನೂ ಇಲ್ಲವೆಂದಳು. ಮುಂದಾಳು ಕೋವಿ ಕೆಳಗಿಟ್ಟು, ಗಂಗುವಿನ ಮುಂದೆ ಮೊಣಕಾಲೂರಿ ಕೂತ.

"ಬೇಟಿ, ನೀ ಖರೇ ಹೇಳು. ಮಾಸ್ತರ ಎಲ್ಲಿ?"

ಗಂಗು ಅಕ್ಕನನ್ನು ನೋಡಿದಳು. ಅಕ್ಕನ ಕಣ್ಣು ಬೇಡುತ್ತಿತ್ತು. ಪಾಠ ಒಪ್ಪಿಸುವಾಗಿನಂತೆ ಕೈಕಟ್ಟಿ ನಿಂತು ಹೇಳಿದಳು: "ಬಣವ್ಯಾಗ ಅದಾರ್ರಿ."

ಅವರು ಒಳಗೆ ಹುಡುಕುವ ಗೋಜಿಗೆ ಹೋಗಲಿಲ್ಲ. ಕಡ್ಡಿ ಗೀರಿದರು. ಉರಿಯುತ್ತ ಹೊರಗೆ ಬಿದ್ದವನನ್ನು ಹಾಗೆಯೇ ಎಳೆದೊಯ್ದರು. ಅಂದಿನಿಂದ ಗಂಗು ಮಾತು ಬಿಟ್ಟಳು.

ಸೆಪ್ಟೆಂಬರಿನಲ್ಲಿ ಭಾರತದ ಸೈನ್ಯ ಬಂತು, ಕಲಬುರ್ಗಿಯ ಜೈಲು ತೆರೆಯಿತು. ಊರಿನ ಬಂಡಿಯವ ಅಬ್ದುಲ್ ಗನಿ ತನ್ನ ಬಂಡಿಯಲ್ಲಿ ಮಾಸ್ತರನನ್ನು ತಂದು ಭಾಗಮ್ಮನ ಅಂಗಳದಲ್ಲಿಳಿಸಿದ. ಅರ್ಧ ಮುಖ ಸುಟ್ಟು ಸುಕ್ಕಾಗಿತ್ತು. ಒಂದು ಕಣ್ಣು ಇರಲಿಲ್ಲ.

ಅವನು ಮೊದಲು ಗಂಗುವಿನ ಹತ್ತಿರ ಹೋದ. "ನೀ ಹೇಳೂದಕ್ಕಿಂತ ಮೊದಲ ಅವರಿಗೆ ಗೊತ್ತಿತ್ತು ಬೇ. ನಿಂದೇನೂ ತಪ್ಪಿಲ್ಲ."

ಗಂಗು ಆ ಮುಖವನ್ನೇ ನೋಡಿದಳು. ತಿಂಗಳುಗಟ್ಟಲೆ ಮುಚ್ಚಿದ್ದ ಬಾಯಿ ತೆರೆಯಿತು.

"ಸುಳ್ಳು."

ಚೀರುತ್ತ ಒಳಗೆ ಓಡಿ, ಕಾಳಿನ ಚೀಲಗಳ ಹಿಂದೆ ಸೇರಿದಳು.

ಭಾಗಮ್ಮ ಅವನ ಸುಟ್ಟ ಕೆನ್ನೆಯ ಮೇಲೆ ಅಂಗೈ ಇಟ್ಟಳು.

"ಬರ್ತೀಯೇನ?" ಎಂದ.

"ಅಕಿನ್ನ ಬಿಟ್ಟು ಹ್ಯಾಂಗ ಬರಲಿ? ಕರಕೊಂಡು ಬಂದ್ರ ಅಕಿ ದಿನಾ ಈ ಸುಟ್ಟ ಮಾರಿ ನೋಡಬೇಕು. ಸಾಯ್ತಾಳ್ರಿ."

"ಮತ್ತ ನೀನು?"

"ನನಗ ಈ ಮಾರೀನ ಬೇಕಾಗಿತ್ತು."

ಅವನು ಅವಳ ಅಂಗೈಗೆ ತುಟಿ ಒತ್ತಿದ. ಆಳಂದದ ಕಡೆ ಒಂದು ಶಾಲೆಯಿದೆ, ಅಲ್ಲಿಗೆ ಹೋಗುತ್ತೇನೆಂದು ಬಂಡಿ ಏರಿದ. ಧೂಳು ಇಳಿಯುವವರೆಗೂ ಅವಳು ಕದಲಲಿಲ್ಲ.

ಒಳಗೆ ಬಂದಾಗ ಚೀಲಗಳ ಹಿಂದಿನಿಂದ ಸಣ್ಣ ಧ್ವನಿ ಕೇಳಿತು. "ಅಕ್ಕಾ, ನಿನಗ ಅವ್ರು ಬ್ಯಾಡಾಗಿದ್ರೇನ?"

ಭಾಗಮ್ಮ ತಂಗಿಯ ಮುಂದೆ ಕೂತು, ಕಣ್ಣಲ್ಲಿ ಕಣ್ಣಿಟ್ಟು ಹೇಳಿದಳು.

"ಬ್ಯಾಡಾಗಿದ್ರು."

ಗಂಗು ನಂಬಿದಳು.